ಕೋವಿಯ ಹೂ

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಎದುರು
ನನ್ನ ಅಂಗಡಿಗೆ ಬಾಗಿಲಿಲ್ಲ, ಬರೀ ಟಾರ್ಪಾಲು.
ಬೆಳಗಿನ ಐದೂವರೆಗೆ ಮೈಸೂರಿನ ಬಸ್ಸಿನಿಂದ
ಹೂವಿನ ಮೂಟೆ ಇಳಿಸಿಕೊಂಡರೆ
ಒಳಗೆ ಇನ್ನೂ ಬೆಚ್ಚಗಿರುತ್ತೆ,
ನಿದ್ದೆಗಣ್ಣಿನ ಮಗುವಿನ ಹಾಗೆ.

ಅವತ್ತು ಬೋಣಿಗೆ ಮುಂಚೆಯೇ ಬಂದರು ತಾಯಿ, ಮಗಳು.
ಬೊಳ್ಳಮ್ಮನವರ ಕೈಯಲ್ಲಿ ಫೋನು,
ಫೋನಿನಲ್ಲಿ ಯಾರದೋ ಮದುವೆಯ ಮಂಟಪ.
"ಹೀಗೇ ಬೇಕು ಸರಸೂ, ಸಮಾಜದ ಕಂಬಕ್ಕೆಲ್ಲ."

ಬುಟ್ಟಿ ಬಿಚ್ಚುತ್ತಾ ಹೋದೆ.
ಸುಗಂಧರಾಜ: "ಬೇಡಪ್ಪಾ, ಸಾವಿನ ಮನೆ ನೆನಪಾಗುತ್ತೆ."
ಸೇವಂತಿಗೆ: "ಆಯುಧಪೂಜೆಗೆ ಲಾರಿಗೆ ಹಾಕ್ತಾರಲ್ಲ, ಅದಾ?"
ಆಂಥೂರಿಯಂ: "ನಮ್ಮ ಶೆಡ್ಡಿನಲ್ಲೇ ಇದೆ. ಅದು ಮಾರುವುದಕ್ಕೆ."
ಸಂಪಿಗೆಯನ್ನು ಮಾತ್ರ ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು,
ಏನೋ ನೆನಪಾಗಿ ಕೆಳಗಿಟ್ಟರು.
ಏನೆಂದು ಹೂ ಮಾರುವವಳು ಕೇಳಬಾರದು.

"ಮಲ್ಲಿಗೆ ಮೊಳಕ್ಕೆ ಅಷ್ಟಾ? ನಿನ್ನ ಮೊಳ ಬೇರೆ ಗಿಡ್ಡ!"
ನಿಜ. ಅಮ್ಮನ ಕೈ ಉದ್ದ ಇತ್ತು.
ಅವಳು ಹೋದ ಮೇಲೆ ಈ ಅಂಗಡಿಯ ಮೊಳ
ಎರಡು ಬೆರಳು ಕುಗ್ಗಿದೆ.

ಅಷ್ಟೂ ಹೊತ್ತು ರಸ್ತೆ ನೋಡುತ್ತಿದ್ದ ದೇಚಕ್ಕ
ತಿರುಗಿ ಕೇಳಿದಳು: "ತೋಕ್ ಪೂ ಸಿಗುತ್ತಾ?"

ಬೊಳ್ಳಮ್ಮ ನಕ್ಕರು. ಆಮೇಲೆ ನಗು ನಿಲ್ಲಿಸಿದರು.

ಬೇಲಿಗೆ ತಾನಾಗಿ ಹಬ್ಬುವ ಬಳ್ಳಿ,
ಎಲೆಯ ತುದಿಯನ್ನೇ ಬೆರಳು ಮಾಡಿಕೊಂಡು ಏರುವುದು.
ದಳಗಳು ಹಿಂದಕ್ಕೆ ಬಾಗಿ ಒಲೆಯ ಉರಿಯಂತೆ,
ಬುಡ ಹಳದಿ, ತುದಿ ಕೆಂಪು, ವಾಸನೆ ಇಲ್ಲ.
ಗೆಡ್ಡೆ ವಿಷ. ಮುಟ್ಟಿದ ಕೈಯಲ್ಲಿ ಊಟಕ್ಕೆ ಕೂರಬೇಡ
ಅನ್ನುತ್ತಿದ್ದ ನಮ್ಮಪ್ಪ.
ಕೈಲ್‌ಪೊಳ್ದಿನ ದಿನ ಕೋವಿಯ ಬಾಯಿಗೆ ಸಿಕ್ಕಿಸುವುದು ಅದನ್ನೇ.
ಕೋವಿಗೆ. ಮದುಮಗಳ ಜಡೆಗಲ್ಲ.

"ಮೊನ್ನೆ ಹಬ್ಬದಲ್ಲಿ ಮರದ ತುದಿಯ ತೆಂಗಿನಕಾಯಿ
ಒಡೆದದ್ದು ಯಾರು, ಅವ್ವ?"
"ನೀನೇ. ಅದಕ್ಕೆ?"
"ನಾನು ಹುಟ್ಟಿದಾಗ ಅಜ್ಜ ಕೋವಿ ಕೆಳಗಿಳಿಸಲಿಲ್ಲ.
ಕಂಚಿನ ತಟ್ಟೆ ಬಡಿದರಂತೆ."
"ಹೆಣ್ಣಾದರೆ ತಟ್ಟೆಯೇ. ಅದೇನು ಅವಮಾನವಾ?"
"ಅವಮಾನ ಅಲ್ಲ.
ತಟ್ಟೆಯ ಸದ್ದು ಅಂಗಳ ದಾಟಲ್ಲ, ಅಷ್ಟೆ."

ಕುಟ್ಟದ ಬಸ್ಸು ಹಾರ್ನ್ ಹೊಡೆದು ಹೋಯಿತು.
ಬೊಳ್ಳಮ್ಮ ಕನಕಾಂಬರದ ಒಂದು ಎಸಳು ಹಿಡಿದು
ಹರಿಯುತ್ತಾ ನಿಂತರು.

"ಹೇಗೂ ತಲೆಗೆ ಕೆಂಪು ವಸ್ತ್ರ ಬರುತ್ತೆ,
ಒಳಗೆ ಏನಿದ್ದರೆ ಯಾರಿಗೆ ಕಾಣುತ್ತೆ" ಎಂದೆ.
ವ್ಯಾಪಾರದ ಮಾತು ಅಂದುಕೊಂಡೇ ಹೇಳಿದ್ದು.

ಪಟ್ಟಿ ಬರೆದುಕೊಂಡೆ:
ಮಲ್ಲಿಗೆ ಮೂವತ್ತು ಮಾರು,
ಕಂಬಕ್ಕೆ ಬಿಳಿ ಸೇವಂತಿಗೆ (ಕೊನೆಗೆ ಅದೇ),
ತೋಕ್ ಪೂ ಒಂದು.
"ಒಂದಕ್ಕೆ ಎಷ್ಟು?" ಬೊಳ್ಳಮ್ಮನವರೇ ಕೇಳಿದರು,
ಪರ್ಸಿನೊಳಗೆ ನೋಡುತ್ತಾ.
ಬೇಲಿಯ ಹೂವಿಗೆ ಬೆಲೆ ನನಗೂ ಗೊತ್ತಿಲ್ಲ.
ಹತ್ತು ರೂಪಾಯಿ ಎಂದೆ. ಬೋಣಿಯಲ್ಲವಾ.
ಅವರು ಚೌಕಾಸಿ ಮಾಡಲಿಲ್ಲ.

ಶನಿವಾರ ಸಂಜೆ ಪೊನ್ನಂಪೇಟೆ ರಸ್ತೆಯ ಬೇಲಿಯಲ್ಲಿ
ಹಳದಿ ಇನ್ನೂ ಪೂರ್ತಿ ಆರದ ಒಂದನ್ನು ಹುಡುಕಲು
ಅರ್ಧ ಗಂಟೆ ಹಿಡಿಯಿತು.
ಒದ್ದೆ ಬಟ್ಟೆ, ಬಾಳೆಯೆಲೆ, ದಾರದ ಗಂಟು.
ಕೈ ಮೂರು ಸಲ ತೊಳೆದೆ.

ಭಾನುವಾರ ಮೊಗ್ಗು ಕಟ್ಟುತ್ತಾ ಕೂತಿದ್ದೆ.
ಸಮಾಜದ ಕಡೆಯಿಂದ ಒಂದು ಗುಂಡು.
ಸ್ಟ್ಯಾಂಡಿನ ಮಂದಿ ತಲೆ ಎತ್ತಿದರು.
ಈ ಊರಿನಲ್ಲಿ ಎಲ್ಲರಿಗೂ ಎಣಿಸುವ ಅಭ್ಯಾಸ:
ಒಂದಾದರೆ ಹುಟ್ಟು, ಎರಡಾದರೆ ಸಾವು.
ದಾರ ಬೆರಳಿಗೆ ಸುತ್ತಿಕೊಂಡು ನಾನೂ ಕಾದೆ.
ಎರಡನೆಯದು ಬರಲಿಲ್ಲ.
ಹಾರಿಸಿದ್ದು ಯಾರೋ, ತಿಳಿಯಲಿಲ್ಲ.

ಮೊಳಕ್ಕೆಷ್ಟು ಎಂದು ಯಾರೋ ಕೇಳುತ್ತಿದ್ದರು.
ಕೈ ಚಾಚಿದೆ.
ಎರಡು ಬೆರಳು ಜಾಸ್ತಿಯೇ ಅಳೆದಿರಬೇಕು.